ಒಂದೇ ಲಿಕ್ಕರ್, ಮೂರು ಉತ್ತರ: ಬ್ಲ್ಯಾಕ್ ಲಿಕ್ಕರ್ ಪೈರಾಲಿಸಿಸ್‌ನ ಒಂದು ಪ್ರಕರಣ

ಕಾರ್ಖಾನೆಯೊಂದು ಪರೀಕ್ಷೆಗೆ ಕಳಿಸಿದ ಬ್ಲ್ಯಾಕ್ ಲಿಕ್ಕರ್ ಡಬ್ಬದ ಜೊತೆ ಒಂದು ಚೀಟಿ ಬಂದಿತ್ತು. "ಫರ್ನೇಸ್ ತಳದ ಬಿಸಿ ಸ್ವಲ್ಪ ಇಳಿಸಬೇಕು ಅಂದುಕೊಂಡಿದ್ದೇವೆ. ಎಷ್ಟು ಡಿಗ್ರಿ ಮೇಲೆ ಗಂಧಕ ಹಾರಿಹೋಗುತ್ತದೆ ಅಂತ ನೋಡಿ ಹೇಳಿದರೆ ಸಾಕು." ಒಂದು ಸಾಲಿನ ಪ್ರಶ್ನೆ. ಒಂದು ವಾರದ ಕೆಲಸ ಅಂತ ನಾನೂ ಅಂದುಕೊಂಡೆ. ಅದು ಎರಡು ತಿಂಗಳು ಹಿಡಿಯಿತು. ಕೊನೆಗೆ ನಾವು ಕೊಟ್ಟ ಸಲಹೆ ಚೀಟಿಯಲ್ಲಿದ್ದ ಯೋಚನೆಗೆ ಪೂರಾ ಉಲ್ಟಾ ಆಗಿತ್ತು.

ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಕ್ರಾಫ್ಟ್ ವಿಧಾನದಲ್ಲಿ ಪಲ್ಪ್ (ಕಾಗದಕ್ಕೆ ಬೇಕಾದ ನಾರಿನ ತಿರುಳು) ಮಾಡುವ ಜಾಗ ಅಂದರೆ ಸಾಕು. ಅಲ್ಲಿ ಮರದ ಚಿಪ್ಸ್‌ಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಇರುವ ದ್ರಾವಣದಲ್ಲಿ 160–170 ಡಿಗ್ರಿಯಲ್ಲಿ ಬೇಯಿಸುತ್ತಾರೆ. (ಈ ಬರಹದಲ್ಲಿ ಡಿಗ್ರಿ ಅಂದರೆಲ್ಲ ಸೆಲ್ಸಿಯಸ್.) ಮರದ ಹೆಚ್ಚುಕಡಿಮೆ ಅರ್ಧ ನಾರಾಗಿ ಉಳಿಯುತ್ತದೆ. ಇನ್ನರ್ಧ, ಮುಖ್ಯವಾಗಿ ನಾರುಗಳನ್ನು ಅಂಟಿಸಿಡುವ ಲಿಗ್ನಿನ್, ದ್ರಾವಣದಲ್ಲಿ ಕರಗಿ ಅದನ್ನು ಕಪ್ಪಾಗಿಸುತ್ತದೆ. ಇದೇ ಬ್ಲ್ಯಾಕ್ ಲಿಕ್ಕರ್. ಪಲ್ಪ್ ತೊಳೆದಾಗ ಸಿಗುವ ಲಿಕ್ಕರ್‌ನಲ್ಲಿ ಘನ ಶೇ. 15ರ ಆಸುಪಾಸು ಇರುತ್ತದೆ. ಇವ್ಯಾಪರೇಟರ್‌ಗಳಲ್ಲಿ ನೀರು ತೆಗೆದು ಶೇ. 65ರಿಂದ 80ರವರೆಗೆ ಗಟ್ಟಿ ಮಾಡುತ್ತಾರೆ. ಆಮೇಲೆ ರಿಕವರಿ ಬಾಯ್ಲರ್ ಒಳಗೆ ಹನಿಹನಿಯಾಗಿ ಸಿಂಪಡಿಸಿ ಉರಿಸುತ್ತಾರೆ. ಬಾಯ್ಲರ್‌ನಲ್ಲಿ ಉರಿ ಇರುವ ಭಾಗವೇ ಫರ್ನೇಸ್. ಕೆನಡಾದ ಜಾರ್ಜ್ ಟಾಮ್ಲಿನ್ಸನ್ 1930ರ ದಶಕದಲ್ಲಿ ರೂಪಿಸಿದ ಬಾಯ್ಲರ್‌ನ ಮೂಲ ಯೋಚನೆಯೇ ಇವತ್ತಿಗೂ ನಡೆದುಕೊಂಡು ಬಂದಿದೆ.

ಹೆಸರಿಗೆ ತ್ಯಾಜ್ಯ, ಆದರೆ ಇದನ್ನು ಯಾರೂ ಚೆಲ್ಲುವುದಿಲ್ಲ. ಬಾಯ್ಲರ್‌ನಿಂದ ಎರಡು ಕೆಲಸ ಆಗಬೇಕು. ಹಬೆ ಬರಬೇಕು, ಬೇಯಿಸಲು ಹಾಕಿದ ಸೋಡಿಯಂ ಮತ್ತು ಗಂಧಕವೂ ವಾಪಸ್ ಸಿಗಬೇಕು. ಒಣ ಘನದ ತೂಕದಲ್ಲಿ ಕಾರ್ಬನ್ ಮೂರನೇ ಒಂದಂಶಕ್ಕಿಂತ ಸ್ವಲ್ಪ ಜಾಸ್ತಿ. ಸೋಡಿಯಂ ಶೇ. 20ರ ಸುತ್ತಮುತ್ತ, ಗಂಧಕ ಶೇ. 4–5. ಐದರಲ್ಲಿ ಒಂದು ಪಾಲು ಲೋಹವೇ ಇರುವ ಇಂಧನ ಇದು. ಇದನ್ನು ಸೌದೆ, ಕಲ್ಲಿದ್ದಲಿನ ಹಾಗೆ ನೋಡಲು ಹೋದರೆ ಎಡವುತ್ತೇವೆ. ನಾನು ಎಡವಿದ್ದೂ ಅಲ್ಲೇ.

ಕಾರ್ಖಾನೆಯ ತೊಂದರೆ

ಅವರ ಒಂದು ಇವ್ಯಾಪರೇಟರ್‌ನಲ್ಲಿ ಕಿಟ್ಟ ಕಟ್ಟಿತ್ತು. ಹಾಗಾಗಿ ಬಾಯ್ಲರ್‌ಗೆ ಹೋಗುವ ಲಿಕ್ಕರ್‌ನ ಘನ ಶೇ. 66ಕ್ಕೆ ಇಳಿದಿತ್ತು. ಪಲ್ಪ್ ಉತ್ಪಾದನೆಯೂ ಕಡಿಮೆ ಇದ್ದುದರಿಂದ ಬಾಯ್ಲರ್ ಅರೆಬರೆ ಲೋಡ್‌ನಲ್ಲಿ ಓಡುತ್ತಿತ್ತು. ಅದೇ ಹೊತ್ತಿಗೆ ಚಿಮಣಿಯ ಮೀಟರ್‌ನಲ್ಲಿ ಸಲ್ಫರ್ ಡೈಆಕ್ಸೈಡ್ ಏರತೊಡಗಿತು. ಬಾಯ್ಲರ್ ಮೇಲ್ಭಾಗದಲ್ಲಿ ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಕೊಳವೆಗಳ ಮೇಲೆ ಕೂರುವ ಬೂದಿ ಅಂಟಂಟಾಯಿತು. ಸೂಟ್‌ಬ್ಲೋವರ್ ಎಷ್ಟು ಊದಿದರೂ ಉದುರುತ್ತಿರಲಿಲ್ಲ.

ಕಂಟ್ರೋಲ್ ರೂಮ್‌ನಲ್ಲಿ ಕೂತವರ ತರ್ಕ ಸರಳ. ಬಿಸಿ ಮಾಡಿದರೆ ಗಂಧಕ ಲಿಕ್ಕರ್ ಬಿಟ್ಟು ಗಾಳಿಗೆ ಹೋಗುತ್ತದೆ. ಹಾಗಿದ್ದರೆ ಬಿಸಿ ಕಡಿಮೆ ಮಾಡಿದರೆ ಕಡಿಮೆ ಹೋಗಬೇಕು. ಅಲ್ವಾ? ಫೋನಿನಲ್ಲಿ ಶಿಫ್ಟ್ ಎಂಜಿನಿಯರ್ ಅದನ್ನೇ ಹೇಳಿದರು. "ಸರ್, ಪಾತ್ರೆ ಕೆಳಗಿನ ಉರಿ ಜಾಸ್ತಿ ಆದ್ರೆ ಉಕ್ಕಿ ಚೆಲ್ಲುತ್ತೆ. ಉರಿ ಸಣ್ಣ ಮಾಡೋದು ತಾನೇ?" ನನಗೂ ಅದು ತಪ್ಪು ಅನ್ನಿಸಲಿಲ್ಲ.

ಮೊದಲ ಪರೀಕ್ಷೆ, ನನ್ನ ತಪ್ಪು

ಲ್ಯಾಬ್‌ನಲ್ಲಿ ಸುಲಭಕ್ಕೆ ಸಿಗುವುದು ಟಿಜಿಎ. ಚಿಕ್ಕ ಬಟ್ಟಲಿನಲ್ಲಿ ಹತ್ತು ಮಿಲಿಗ್ರಾಂ ಸ್ಯಾಂಪಲ್ ಇಟ್ಟು, ನೈಟ್ರೋಜನ್ ಹರಿಸುತ್ತಾ, ನಿಧಾನವಾಗಿ ಬಿಸಿ ಮಾಡುವ ತಕ್ಕಡಿ ಅದು. ತೂಕ ಎಲ್ಲೆಲ್ಲಿ ಇಳಿಯಿತು ಅಂತ ಗೆರೆ ಬರೆಯುತ್ತದೆ. ನಾನು ಲಿಕ್ಕರ್ ಅನ್ನು 105 ಡಿಗ್ರಿಯ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿದೆ. ಕುಟ್ಟಿ ಪುಡಿ ಮಾಡಿದೆ. ನಿಮಿಷಕ್ಕೆ 10 ಡಿಗ್ರಿಯಂತೆ 900ರವರೆಗೆ ಏರಿಸಿದೆ.

ಗೆರೆ ಚೆಂದವಾಗಿಯೇ ಬಂತು. 200 ಡಿಗ್ರಿ ದಾಟಿದ ಮೇಲೆ ಇಳಿಜಾರು ಶುರು. 500ರ ಹೊತ್ತಿಗೆ ದೊಡ್ಡ ಇಳಿತ ಮುಗಿಯಿತು. ಅಲ್ಲಿಂದ 700ರವರೆಗೆ ಹೆಚ್ಚೇನೂ ಇಲ್ಲ. ಆಮೇಲೆ ಇನ್ನೊಂದು ಕಡಿದಾದ ಇಳಿತ. ಬೇರೆ ಬೇರೆ ಡಿಗ್ರಿಯಲ್ಲಿ ನಿಲ್ಲಿಸಿ ಉಳಿಕೆಯಲ್ಲಿ ಗಂಧಕ ಅಳೆದೆ. ಡಿಗ್ರಿ ಏರಿದಂತೆ ಕಡಿಮೆಯಾಗುತ್ತಾ ಹೋಗಿ, 500ರ ಸುಮಾರಿಗೆ ಬಹುಪಾಲು ನಷ್ಟ ಆಗಿಹೋಗಿತ್ತು. ಅದರಿಂದಾಚೆ ಎಷ್ಟು ಏರಿಸಿದರೂ ಹೋದದ್ದು ತಿರುಗಿ ಬರಲಿಲ್ಲ. "ನೋಡಿ, ಬಿಸಿ ಏರಿದಂತೆ ಗಂಧಕ ಹೋಗುತ್ತದೆ" ಅಂತ ಕರಡು ವರದಿಯನ್ನೂ ಬರೆದುಬಿಟ್ಟೆ.

ಕಳಿಸುವ ಮುಂಚೆ ಒಂದು ವಿಷಯ ತಲೆ ಕೊರೆಯತೊಡಗಿತು. ಬಟ್ಟಲಿನಲ್ಲಿ ಉಳಿದದ್ದು ತಳಕ್ಕೆ ಅಂಟಿದ ತೆಳ್ಳನೆ ಗಟ್ಟಿ ಪದರ. ರಿಕವರಿ ಬಾಯ್ಲರ್ ಕಿಂಡಿಯಲ್ಲಿ ಇಣುಕಿದವರಿಗೆ ಗೊತ್ತು, ಅಲ್ಲಿ ಹನಿಗಳು ಉಬ್ಬಿ ಚೆಂಡಾಗಿ ತೇಲುತ್ತವೆ. ನನ್ನ ಬಟ್ಟಲಿನಲ್ಲಿ ಏನೂ ಉಬ್ಬಿರಲಿಲ್ಲ. ನಾನು ಅಳೆದ ವಸ್ತು ಫರ್ನೇಸ್ ಒಳಗೆ ಹುಟ್ಟುವುದೇ ಇಲ್ಲವೇನೋ ಅನ್ನಿಸಿತು.

ಎರಡನೇ ಪರೀಕ್ಷೆ: ದೋಣಿ

ಮಧ್ಯದ ದಾರಿ ಅಂತ ಟ್ಯೂಬ್ ಫರ್ನೇಸ್ ಹಿಡಿದೆ. 800 ಡಿಗ್ರಿಗೆ ಕಾದ ಕ್ವಾರ್ಟ್ಜ್ ಕೊಳವೆಯೊಳಗೆ ಪಿಂಗಾಣಿ ದೋಣಿಯಲ್ಲಿ 5 ಗ್ರಾಂ ಲಿಕ್ಕರ್ ಇಟ್ಟು ತಳ್ಳುವುದು. ಈ ಸಲ ಒಣಗಿಸದೆ, ಬಂದ ಹಾಗೇ ಹಾಕಿದೆ.

ಉಕ್ಕಿತು. ದೋಣಿ ಮೀರಿ ಕೊಳವೆಗೆಲ್ಲ ಮೆತ್ತಿಕೊಂಡಿತು. ಆ ಕೊಳವೆ ಸ್ವಚ್ಛ ಮಾಡಲು ಎರಡು ದಿನ ಬೇಕಾಯಿತು. ಎರಡನೇ ಸಲ ಅರ್ಧ ಗ್ರಾಂ ಇಟ್ಟೆ. ಗಂಧಕದ ನಷ್ಟ ಟಿಜಿಎಗಿಂತ ಕಡಿಮೆ ಬಂತು. ಆದರೆ ದೋಣಿಯ ಅಂಚಿನ ಚಾರ್ (ಸುಟ್ಟು ಉಳಿದ ಕರಿ ಗಟ್ಟಿ) ಒಂದು ಥರ, ನಡುವಿನದು ಇನ್ನೊಂದು ಥರ. ಒಂದೇ ದೋಣಿಯ ಎರಡು ಮೂಲೆಯಿಂದ ತೆಗೆದರೆ ಎರಡು ಉತ್ತರ. ಈ ಪರೀಕ್ಷೆ ಬಗ್ಗೆ ಇಷ್ಟು ಸಾಕು. ಕಲಿತದ್ದು ಒಂದೇ: ಕೊಳವೆ 800 ಡಿಗ್ರಿ ಇದ್ದ ಮಾತ್ರಕ್ಕೆ ಲಿಕ್ಕರ್ 800 ಡಿಗ್ರಿ ಇರುವುದಿಲ್ಲ.

ಮೂರನೇ ಪರೀಕ್ಷೆ: ಒಂದೊಂದೇ ಹನಿ

ಇಲ್ಲಿಂದ ಕೆಲಸ ಸರಿಯಾದ ದಾರಿಗೆ ಬಂತು. ಬಾಯ್ಲರ್‌ನಲ್ಲಿ ಸಿಂಪಡಿಸುವ ಹನಿ ಸಾಮಾನ್ಯವಾಗಿ 2–3 ಮಿಲಿಮೀಟರ್ ದಪ್ಪ. ಅಷ್ಟೇ ದಪ್ಪದ ಹನಿಯನ್ನು ಪ್ಲಾಟಿನಂ ತಂತಿಯ ಕೊಕ್ಕೆಗೆ ನೇತುಹಾಕಿ, ನೈಟ್ರೋಜನ್ ತುಂಬಿದ ಕಾದ ಕೊಳವೆಯೊಳಗೆ ಒಂದೇ ಸಲಕ್ಕೆ ಇಳಿಸಿದೆ. ಪಕ್ಕದ ಕಿಟಕಿಯಿಂದ ವಿಡಿಯೊ. 2.5 ಮಿಲಿಮೀಟರ್ ಹನಿಯ ತೂಕ ಲೆಕ್ಕ ಹಾಕಿದರೆ 11 ಮಿಲಿಗ್ರಾಂ ಚಿಲ್ಲರೆ. ಟಿಜಿಎ ಬಟ್ಟಲಿಗೆ ಹಾಕಿದ್ದೂ ಹೆಚ್ಚುಕಡಿಮೆ ಅಷ್ಟೇ. ತೂಕ ಒಂದೇ, ಕಥೆ ಬೇರೆ.

ವಿಡಿಯೊವನ್ನು ನಿಧಾನ ಮಾಡಿ ನೋಡಿದರೆ ಹೀಗಿತ್ತು. ಮೊದಲು ಹನಿ ಕುದಿಯುತ್ತದೆ. ಮೈಯೆಲ್ಲ ಗುಳ್ಳೆ, ಆಗಾಗ ಪಟ್ ಅಂತ ಸಿಡಿತ. ಇದು ಒಣಗುವ ಹಂತ. ಆಮೇಲೆ ಅರೆಗಳಿಗೆ ಸುಮ್ನೆ ಇರುತ್ತದೆ. ಇದ್ದಕ್ಕಿದ್ದ ಹಾಗೆ ಒಳಗಿನಿಂದ ಯಾರೋ ಊದಿದಂತೆ ಉಬ್ಬುತ್ತದೆ. ಪೈರಾಲಿಸಿಸ್ ಅಂದರೆ ಇದೇ. ಗಾಳಿಯ ನೆರವಿಲ್ಲದೆ, ಬರೀ ಬಿಸಿಗೆ ಸಾವಯವ ಭಾಗ ಒಡೆದು ಅನಿಲವಾಗುವುದು. ಒಡೆಯುವಾಗ ಲಿಗ್ನಿನ್ ಅಂಟು ಹಿಟ್ಟಿನಂತೆ ಮೆತ್ತಗಿರುತ್ತದೆ. ಹುಟ್ಟಿದ ಅನಿಲ ಅದರೊಳಗೆ ಸಿಕ್ಕಿಕೊಂಡು ಗುಳ್ಳೆ ಕಟ್ಟುತ್ತದೆ. ಗಾತ್ರ 20–30 ಪಟ್ಟು ಆಗುವುದು ಹೊಸ ವಿಷಯವೇನಲ್ಲ. 30 ಪಟ್ಟು ಗಾತ್ರ ಅಂದರೆ ಅಡ್ಡಳತೆ ಬರೀ 3 ಪಟ್ಟು. ಆದರೂ ಕಣ್ಣಿಗೆ ಭಾರಿ ಕಾಣುತ್ತದೆ.

ಬಾಯ್ಲರ್‌ನಲ್ಲಿ ಗಾಳಿ ಇರುತ್ತದಲ್ಲ, ಅಲ್ಲಿ ಪೈರಾಲಿಸಿಸ್ ಹೇಗೆ ಅಂತ ಕೇಳಬಹುದು. ಹನಿಯೊಳಗಿಂದ ಅನಿಲ ಹೊರನುಗ್ಗುವ ಆ ಒಂದೆರಡು ಸೆಕೆಂಡು ಆಕ್ಸಿಜನ್‌ಗೆ ಒಳಗೆ ಬರಲು ಜಾಗವೇ ಇರುವುದಿಲ್ಲ. ಜ್ವಾಲೆ ಹನಿಯ ಸುತ್ತ ಉರಿಯುತ್ತದೆ, ಹನಿ ಒಳಗೊಳಗೇ ಒಡೆಯುತ್ತದೆ.

ಮೊದಲ ದಿನ ಒಂದು ಎಡವಟ್ಟು ಮಾಡಿಕೊಂಡೆ. ಉಬ್ಬಿದ ಚಾರ್ ಬಿಸಿ ಇರುವಾಗಲೇ ಹೊರಗೆ ಎಳೆದೆ. ಗಾಳಿ ತಗುಲಿದ್ದೇ ತಡ, ತನ್ನಷ್ಟಕ್ಕೆ ಕೆಂಪಗೆ ಹೊಳೆಯಿತು. ಕಾರ್ಬನ್ ಉರಿದು ತೂಕ ಕಳೆದುಕೊಂಡಿತು. ಒಳಗಿನ ಸೋಡಿಯಂ ಸಲ್ಫೈಡ್ ಆಕ್ಸಿಜನ್ ಹಿಡಿದು ಸಲ್ಫೇಟ್ ಆಗಿ ತೂಕ ಗಳಿಸಿತು. ಆ ಹನಿಯ ತೂಕಕ್ಕೆ ಏನರ್ಥ? ಅಂದಿನಿಂದ ಕೊಳವೆಯ ತಣ್ಣನೆ ತುದಿಯಲ್ಲಿ, ನೈಟ್ರೋಜನ್‌ನಲ್ಲೇ, ಚಾರ್ ಪೂರ್ತಿ ಆರುವವರೆಗೆ ಕಾದೆ.

ಗಂಧಕ ಅಳೆಯುವುದು ಇನ್ನೊಂದು ತಲೆನೋವು. ಒಂದು ಹನಿಯಲ್ಲಿರುವ ಗಂಧಕ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಒಂದೊಂದು ಡಿಗ್ರಿಗೂ 40 ಹನಿಗಳ ಚಾರ್ ಒಟ್ಟು ಮಾಡಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಗಂಧಕವನ್ನೆಲ್ಲ ಸಲ್ಫೇಟ್ ಮಾಡಿ, ಸೋಸಿ, ಆಸಿಡ್ ಹಾಕಿ ಕುದಿಸಿ, ಬೇರಿಯಂ ಕ್ಲೋರೈಡ್ ಹಾಕಿ ಬಂದ ಬಿಳಿ ಗಷ್ಟು ತೂಗುವುದು. ಹಳೇ ಕಾಲದ ವಿಧಾನ, ಆದರೆ ಮೋಸವಿಲ್ಲ.

500, 600, 700, 800, 900 ಡಿಗ್ರಿಗಳಲ್ಲಿ ಹನಿ ಇಳಿಸಿದೆ. 500ರಲ್ಲಿ ಹನಿ ಎಲ್ಲಕ್ಕಿಂತ ಜಾಸ್ತಿ ಉಬ್ಬಿತು. ಎಲ್ಲಕ್ಕಿಂತ ಜಾಸ್ತಿ ಗಂಧಕ ಕಳೆದುಕೊಂಡದ್ದೂ ಅದೇ. ಅಲ್ಲಿಂದ ಮೇಲೆ ಏರಿದಂತೆ ಉಬ್ಬುವುದು ಕಡಿಮೆಯಾಯಿತು. ಚಾರ್‌ನಲ್ಲಿ ಉಳಿದ ಗಂಧಕ ಜಾಸ್ತಿಯಾಯಿತು! ನಾನು ಎರಡು ಸಲ ಲೇಬಲ್ ಅದಲುಬದಲಾಗಿದೆಯಾ ಅಂತ ನೋಡಿದೆ. ಆಗಿರಲಿಲ್ಲ. ಬಿಸಿ ಜಾಸ್ತಿ ಆದರೆ ಗಂಧಕ ಒಳಗೇ ಉಳಿಯುತ್ತದೆ. ಟಿಜಿಎ ಹೇಳಿದ್ದಕ್ಕೆ ಸರಿಯಾಗಿ ವಿರುದ್ಧ.

ಯಾರು ಸುಳ್ಳು ಹೇಳಿದ್ದು?

ಯಾರೂ ಹೇಳಿರಲಿಲ್ಲ. ಲಿಕ್ಕರ್‌ನಿಂದ ಗಂಧಕ ಮುಖ್ಯವಾಗಿ ಹೊರಬೀಳುವುದು 300ರಿಂದ 500 ಡಿಗ್ರಿಯ ನಡುವೆ. ಸಲ್ಫೈಡ್ ಹೋಗಿ ಲಿಗ್ನಿನ್‌ನ ಮೀಥಾಕ್ಸಿಲ್ ಗುಂಪಿಗೆ ತಗುಲಿ ಮೀಥೈಲ್ ಮರ್ಕ್ಯಾಪ್ಟಾನ್, ಡೈಮೀಥೈಲ್ ಸಲ್ಫೈಡ್ ಆಗುತ್ತದೆ. ಪಲ್ಪ್ ಕಾರ್ಖಾನೆಯ ಆ ಕೊಳೆತ ಎಲೆಕೋಸಿನ ವಾಸನೆ ಈ ಕುಟುಂಬದ್ದೇ. ಜೊತೆಗೆ ಹೈಡ್ರೋಜನ್ ಸಲ್ಫೈಡ್ ಕೂಡ ಹೊರಡುತ್ತದೆ. ಈಗ ಒಂದು ಚಿಕ್ಕ ಲೆಕ್ಕ. ನಿಮಿಷಕ್ಕೆ 10 ಡಿಗ್ರಿ ಏರಿಸಿದರೆ ಈ 200 ಡಿಗ್ರಿ ದಾಟಲು 20 ನಿಮಿಷ ಬೇಕು. ಕಾದ ಫರ್ನೇಸ್‌ಗೆ ಬಿದ್ದ ಹನಿಯ ಹೊರಪದರ ಸೆಕೆಂಡಿಗೆ 200 ಡಿಗ್ರಿ ಏರಿತು ಅಂತಿಟ್ಟುಕೊಳ್ಳಿ, ಅದಕ್ಕೆ ಬೇಕಾದ್ದು 1 ಸೆಕೆಂಡ್. ಸಾವಿರದಿನ್ನೂರು ಪಟ್ಟು ವ್ಯತ್ಯಾಸ. ಬಾಗಿಲು 20 ನಿಮಿಷ ತೆರೆದಿಟ್ಟರೆ ಎಲ್ಲರೂ ಹೊರಗೆ ಹೋಗುತ್ತಾರೆ. ಒಂದು ಸೆಕೆಂಡ್ ತೆರೆದರೆ ಬಾಗಿಲ ಹತ್ತಿರ ಇದ್ದವರು ಅಷ್ಟೇ.

ಇದು ಅರ್ಧ ಕಾರಣ. ಉಳಿದರ್ಧ ಹೊರಗಿನ ಸಿಪ್ಪೆಯಲ್ಲಿದೆ. ಹನಿಯ ಹೊರಗು ಮೊದಲು ಚಾರ್ ಆಗುತ್ತದೆ, ನಡು ಇನ್ನೂ ಹಸಿ ಇರುತ್ತದೆ. ನಡುವಿನಲ್ಲಿ ಹುಟ್ಟಿದ ಹೈಡ್ರೋಜನ್ ಸಲ್ಫೈಡ್ ಹೊರಬರಬೇಕಾದರೆ ಬಿಸಿ ಚಾರ್‌ನ ತೂತುಗಳನ್ನು ದಾಟಬೇಕು. ಆ ಚಾರ್ ತುಂಬ ಸೋಡಿಯಂ ಕಾರ್ಬೊನೇಟ್. ಅದು ದಾರಿಯಲ್ಲೇ ಗಂಧಕವನ್ನು ಹಿಡಿದು ಮತ್ತೆ ಸೋಡಿಯಂ ಸಲ್ಫೈಡ್ ಮಾಡಿಕೊಳ್ಳುತ್ತದೆ. ಸಿಪ್ಪೆ ಬಿಸಿಯಾಗಿದ್ದಷ್ಟೂ ಈ ಹಿಡಿತ ಚುರುಕು. ಟಿಜಿಎ ಬಟ್ಟಲಿನಲ್ಲಿ ಸಿಪ್ಪೆ ಎಲ್ಲಿದೆ? ತೆಳ್ಳನೆ ಪುಡಿ, ಎಲ್ಲ ಕಣವೂ ಒಂದೇ ಬಿಸಿ. ಮೇಲಿಂದ ನೈಟ್ರೋಜನ್ ಬೀಸುತ್ತಾ ಹುಟ್ಟಿದ ಅನಿಲವನ್ನು ಗುಡಿಸಿಕೊಂಡು ಹೋಗುತ್ತದೆ. 800ಕ್ಕೆ ತಲುಪುವ ಹೊತ್ತಿಗೆ ಹಿಡಿಯಲು ಗಂಧಕವೇ ಉಳಿದಿರುವುದಿಲ್ಲ.

ಹನಿಯ ಒಳಗೂ ಹೊರಗೂ ಬಿಸಿ ನಿಜವಾಗಿಯೂ ಅಷ್ಟೊಂದು ಬೇರೆಯಾ? ಕಾಗದದ ಮೇಲೆ ನೋಡಿದೆ. 900 ಡಿಗ್ರಿಯ ಫರ್ನೇಸ್‌ನಲ್ಲಿ ಬರೀ ವಿಕಿರಣದಿಂದಲೇ ಒಂದು ಚದರ ಮೀಟರ್‌ಗೆ, ಒಂದು ಡಿಗ್ರಿಗೆ, ಸುಮಾರು 350 ವ್ಯಾಟ್‌ನಷ್ಟು ಶಾಖ ಸಿಗುತ್ತದೆ. 1.25 ಮಿಲಿಮೀಟರ್ ತ್ರಿಜ್ಯ, ಒಂದು ಮೀಟರ್‌ಗೆ, ಒಂದು ಡಿಗ್ರಿಗೆ, 0.3 ವ್ಯಾಟ್ ಶಾಖವಾಹಕತೆ ಹಾಕಿದರೆ ಬಯೊ ಸಂಖ್ಯೆ (ಒಳಗೆ ಶಾಖ ಹರಿಯಲು ಇರುವ ತಡೆಯನ್ನು ಹೊರಮೈಯ ತಡೆಗೆ ಹೋಲಿಸುವ ಅಳತೆ) 1.5ರ ಹತ್ತಿರ ಬರುತ್ತದೆ. 0.1ಕ್ಕಿಂತ ಕೆಳಗಿದ್ದರೆ ಮಾತ್ರ ಹನಿಯೆಲ್ಲ ಒಂದೇ ಬಿಸಿ ಅಂತ ಹೇಳಬಹುದು. ಉಬ್ಬಿದ ಮೇಲಂತೂ ತ್ರಿಜ್ಯ ಮೂರು ಪಟ್ಟು, ಒಳಗೆಲ್ಲ ಗುಳ್ಳೆ, ಶಾಖವಾಹಕತೆ ಇನ್ನೂ ಕಡಿಮೆ. ಹನಿಯ ನಡುವೆ ಕೂದಲಿನಂಥ ಥರ್ಮೊಕಪಲ್ ತೂರಿಸಿ ನೋಡಿದಾಗಲೂ ಇದೇ ಕಂಡಿತು. ಕುದಿಯುವಷ್ಟು ಹೊತ್ತು 100ರಿಂದ ಸ್ವಲ್ಪ ಮೇಲೆ ಸ್ಥಿರ. ಉಬ್ಬುವಾಗ ಹೊರಗಿಗಿಂತ ನೂರಾರು ಡಿಗ್ರಿ ಹಿಂದೆ.

ಅಂದರೆ ಒಂದೇ ಹನಿಯಲ್ಲಿ ಒಂದೇ ಕ್ಷಣಕ್ಕೆ ಹಸಿ ಲಿಕ್ಕರ್, ಒಡೆಯುತ್ತಿರುವ ಲಿಗ್ನಿನ್, ಕಾದ ಚಾರ್ ಮೂರೂ ಇರುತ್ತವೆ. "800 ಡಿಗ್ರಿಯಲ್ಲಿ ಪೈರಾಲಿಸಿಸ್ ಮಾಡಿದೆ" ಅಂತ ಯಾರಾದರೂ ಬರೆದಿದ್ದರೆ ನಾನು ಈಗ ಮೊದಲು ಕೇಳುವುದು, ಎಷ್ಟು ಬೇಗ, ಎಷ್ಟು ದಪ್ಪದ ಹನಿ, ಯಾವ ಅನಿಲದಲ್ಲಿ ಅಂತ. ಆ ಮೂರು ಇಲ್ಲದ 800ಕ್ಕೆ ಬೆಲೆ ಕಮ್ಮಿ.

ನನ್ನ ಪುಡಿಗೆ ಇನ್ನೊಂದು ದೋಷವೂ ಇತ್ತು. ಲಿಕ್ಕರ್ ಅನ್ನು ಗಾಳಿಯಲ್ಲಿ ರಾತ್ರಿಯಿಡೀ ಒಣಗಿಸಿದಾಗಲೇ ಸಲ್ಫೈಡ್‌ನ ಒಂದಿಷ್ಟು ಆಕ್ಸಿಜನ್ ಹಿಡಿದು ಥಯೋಸಲ್ಫೇಟ್ ಆಗಿರುತ್ತದೆ, ಒಂದಿಷ್ಟು ವಾಸನೆಯಾಗಿ ಹೋಗಿರುತ್ತದೆ. ಓವನ್ ಇದ್ದ ಕೋಣೆಗೆ ಯಾರೂ ಕಾಲಿಡುತ್ತಿರಲಿಲ್ಲ ಅನ್ನುವುದೇ ಅದಕ್ಕೆ ಸಾಕ್ಷಿ. ಆಮೇಲೆ ಸ್ಯಾಂಪಲ್ ಬಾಟಲಿಯನ್ನು ಕಂಠದವರೆಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ, ಫ್ರಿಜ್‌ನಲ್ಲಿಟ್ಟೆ.

ಎರಡನೇ ಇಳಿತ ಯಾವುದು?

ಟಿಜಿಎ ಗೆರೆಯಲ್ಲಿ 700 ದಾಟಿದ ಮೇಲೆ ಬಂದ ಆ ಇಳಿತ ನೆನಪಿದೆಯಾ? ಮೊದಲು ಅದನ್ನೂ ಪೈರಾಲಿಸಿಸ್‌ನ ಬಾಲ ಅಂದುಕೊಂಡಿದ್ದೆ. ಕೊಳವೆ ತೊಳೆಯುವಾಗ ತಣ್ಣನೆ ತುದಿಯಲ್ಲಿ ಬೆಳ್ಳನೆ ಪುಡಿ ಕಂಡಿತು. 500, 600ರಲ್ಲಿ ಓಡಿಸಿದ ದಿನ ಇರಲಿಲ್ಲ, 800, 900ರಲ್ಲಿ ಓಡಿಸಿದ ದಿನ ಇತ್ತು. ಬೆರಳಿಗೆ ಹತ್ತಿಸಿಕೊಂಡು ಒಂದು ತೊಟ್ಟು ನೀರು ಹಾಕಿದರೆ ಸೋಪಿನಂತೆ ಜಾರುತ್ತದೆ. (ಹೀಗೆ ಮಾಡಬಾರದು, ಕೈಗವಸು ಹಾಕಿ.) ಪಿಎಚ್ ಪಟ್ಟಿ ಕಡು ನೀಲಿಯಾಯಿತು. ಅದು ಸೋಡಿಯಂನ ಸಂಯುಕ್ತ.

ಆಗುವುದೇನೆಂದರೆ, 700 ದಾಟಿದ ಮೇಲೆ ಚಾರ್‌ನ ಕಾರ್ಬನ್ ತನ್ನ ಪಕ್ಕದಲ್ಲೇ ಇರುವ ಸೋಡಿಯಂ ಕಾರ್ಬೊನೇಟ್ ಅನ್ನು ಅಪಕರ್ಷಿಸುತ್ತದೆ, ಅಂದರೆ ಅದರ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಸೋಡಿಯಂ ಆವಿಯಾಗಿ ಹಾರುತ್ತದೆ, ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ತೂಕ ಇಳಿಯುತ್ತದೆ. ಇದಕ್ಕೂ ಲಿಗ್ನಿನ್ ಒಡೆಯುವುದಕ್ಕೂ ಸಂಬಂಧವಿಲ್ಲ. ಪರೀಕ್ಷೆ ಸುಲಭ: ಹರಿಯುವ ನೈಟ್ರೋಜನ್‌ಗೆ ಒಂದಷ್ಟು ಕಾರ್ಬನ್ ಮೊನಾಕ್ಸೈಡ್ ಸೇರಿಸಿದರೆ ಈ ಕ್ರಿಯೆ ಹಿಂದಕ್ಕೆ ತಳ್ಳಲ್ಪಡುತ್ತದೆ. ಫ್ಯೂಮ್ ಹುಡ್ ಒಳಗೆ, ಅಲಾರಂ ಹಾಕಿಕೊಂಡು, ಸೇರಿಸಿದೆ. ಮೊದಲ ಇಳಿತ ಹಾಗೇ ಇತ್ತು. ಎರಡನೇ ಇಳಿತ ಹೆಚ್ಚುಕಡಿಮೆ ಚಪ್ಪಟೆಯಾಯಿತು.

ನೈಟ್ರೋಜನ್ ಮಾತ್ರ ಬಳಸಿ 900ರಲ್ಲಿ ಬಹಳ ಹೊತ್ತು ಇಟ್ಟು "ಇಷ್ಟು ಶೇಕಡಾ ಚಾರ್ ಉಳಿಯುತ್ತದೆ" ಅಂತ ಬರೆಯುವವರು ಈ ಸೋಡಿಯಂ ನಷ್ಟವನ್ನೂ ಪೈರಾಲಿಸಿಸ್ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಅಲ್ಲಿ ಬಿಸಿಯ ಜೊತೆ ಹೊತ್ತಿನ ಪಾತ್ರವೂ ದೊಡ್ಡದು. ಹನಿ ಒಂದೆರಡು ಸೆಕೆಂಡ್ ಇರುವ ಕಡೆ, ಬಟ್ಟಲು ಅರ್ಧ ಗಂಟೆ ಕೂತಿರುತ್ತದೆ.

ಮತ್ತೆ ಕಾರ್ಖಾನೆಗೆ

ಈಗ ಎರಡು ತುಂಡನ್ನು ಜೋಡಿಸಬಹುದು. ಫರ್ನೇಸ್ ತಳ ತಣ್ಣಗಿದ್ದರೆ ಹನಿ ನಿಧಾನವಾಗಿ ಕಾಯುತ್ತದೆ. 300–500ರ ನಡುವೆ ಹೆಚ್ಚು ಹೊತ್ತು ಕಳೆಯುತ್ತದೆ, ಗಂಧಕ ಹೊರಗೆ ಹೋಗುತ್ತದೆ. ಅದೇ ಹೊತ್ತಿಗೆ ಸೋಡಿಯಂ ಹಾರುವಷ್ಟು ಬಿಸಿ ಇಲ್ಲ. ಮೇಲೆ ಹೋದ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಅದನ್ನು ಹಿಡಿಯಲು ಮೇಲೆ ಸೋಡಿಯಂ ಇಲ್ಲ. ತಳ ಬಿಸಿ ಇದ್ದರೆ ಎರಡೂ ತಿರುವುಮುರುವು. ಗಂಧಕ ಕಡಿಮೆ ಹೊರಡುತ್ತದೆ, ಸೋಡಿಯಂ ಜಾಸ್ತಿ ಹೊರಡುತ್ತದೆ. ದಾರಿಯಲ್ಲಿ ಸೋಡಿಯಂ ಗಂಧಕವನ್ನು ಹಿಡಿದು ಸೋಡಿಯಂ ಸಲ್ಫೇಟ್ ಪುಡಿ ಮಾಡುತ್ತದೆ. ಅದು ಇಎಸ್‌ಪಿಯಲ್ಲಿ (ಹೊಗೆಯಿಂದ ಪುಡಿಯನ್ನು ವಿದ್ಯುತ್ತಿನಿಂದ ಸೆಳೆದು ಹಿಡಿಯುವ ಯಂತ್ರ) ಸಿಕ್ಕಿ ಲಿಕ್ಕರ್‌ಗೇ ವಾಪಸ್ ಸೇರುತ್ತದೆ.

ಅಂಟು ಬೂದಿಯ ಗುಟ್ಟೂ ಇದೇ. ಗಂಧಕ ಜಾಸ್ತಿ, ಸೋಡಿಯಂ ಕಡಿಮೆ ಇದ್ದರೆ ಸಲ್ಫೇಟ್ ಇನ್ನಷ್ಟು ಗಂಧಕ ಹಿಡಿದು ಸೋಡಿಯಂ ಬೈಸಲ್ಫೇಟ್ ಆಗುತ್ತದೆ. ಅದು ಆಮ್ಲೀಯ, ಮಾಮೂಲಿ ಸಲ್ಫೇಟ್‌ಗಿಂತ ಬಹಳ ಕಡಿಮೆ ಬಿಸಿಗೇ ಕರಗಿ ಅಂಟುತ್ತದೆ. ನಾನು ಫೋನ್ ಮಾಡಿ ಇಎಸ್‌ಪಿ ಬೂದಿಯನ್ನು ನೀರಿಗೆ ಹಾಕಿ ಪಿಎಚ್ ನೋಡಲು ಹೇಳಿದೆ. ಚೆನ್ನಾಗಿ ಓಡುವ ಬಾಯ್ಲರ್‌ನ ಬೂದಿಯಲ್ಲಿ ಕಾರ್ಬೊನೇಟ್ ಇರುವುದರಿಂದ ಅದು ಕ್ಷಾರೀಯವಾಗಿರಬೇಕು. ಅವರದು ಆಮ್ಲದ ಕಡೆ ವಾಲಿತ್ತು. ಇಷ್ಟು ದಿನ ಯಾರೂ ಪಟ್ಟಿ ಅದ್ದಿ ನೋಡಿರಲಿಲ್ಲ. ಮೊದಲ ದಿನವೇ ನಾನು ಇದನ್ನು ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ನನ್ನ ಹತ್ತಿರ ಟಿಜಿಎ ಇತ್ತು.

"ಅಂದ್ರೆ ಬೆಂಕಿ ಜಾಸ್ತಿ ಮಾಡ್ಬೇಕಾ ಸರ್?" ಎಂಜಿನಿಯರ್ ಧ್ವನಿಯಲ್ಲಿ ನಂಬಿಕೆ ಇರಲಿಲ್ಲ. ಹೌದು ಅಂದೆ. ಆದರೆ ಬೆಂಕಿಯ ಗುಂಡಿ ಅಂತ ಯಾವುದೂ ಇಲ್ಲ. ಇರುವುದು ನೀರು, ಗಾಳಿ ಮತ್ತು ಹನಿ.

ನೀರಿನಿಂದಲೇ ಶುರು ಮಾಡಿದೆವು. ಘನ ಶೇ. 66 ಅಂದರೆ ಒಂದು ಕಿಲೋ ಘನದ ಜೊತೆ 0.52 ಕಿಲೋ ನೀರು ಫರ್ನೇಸ್ ಒಳಗೆ ಹೋಗುತ್ತದೆ. ಶೇ. 71 ಆದರೆ 0.41 ಕಿಲೋ. ಐದು ಅಂಕೆಯ ವ್ಯತ್ಯಾಸ ಅಂತ ಮೂಗು ಮುರಿಯಬೇಡಿ, ಆವಿ ಮಾಡಬೇಕಾದ ನೀರು ಐದನೇ ಒಂದಂಶ ಕಡಿಮೆ. ಹನಿ ಬೇಗ ಒಣಗುತ್ತದೆ, ಬೇಗ ಕಾಯುತ್ತದೆ, ತಳದಿಂದ ಕದಿಯುವ ಶಾಖವೂ ಕಡಿಮೆ. ಇವ್ಯಾಪರೇಟರ್ ತೊಳೆಯುವುದನ್ನು ಮುಂದಿನ ಶಟ್‌ಡೌನ್‌ಗೆ ಬಿಟ್ಟಿದ್ದರು. ಅದನ್ನು ಈಗಲೇ ಮಾಡಿಸಿದೆವು. ಘನ ತೀರಾ ಇಳಿದರೆ ಇನ್ನೊಂದು ಅಪಾಯವೂ ಇದೆ. ಫರ್ನೇಸ್ ತಳದಲ್ಲಿ ಕರಗಿ ನಿಂತ ಸೋಡಿಯಂ ಲವಣಗಳ (ಸ್ಮೆಲ್ಟ್) ಮೇಲೆ ನೀರು ಬಿದ್ದರೆ ಬಾಯ್ಲರ್ ಸಿಡಿಯಬಹುದು. ಅದಕ್ಕೇ ಶೇ. 58ಕ್ಕಿಂತ ಕೆಳಗಿನ ಲಿಕ್ಕರ್ ಅನ್ನು ಫರ್ನೇಸ್‌ಗೆ ಬಿಡದೆ ತಿರುಗಿಸುವ ವ್ಯವಸ್ಥೆ ಇರುತ್ತದೆ.

ಎರಡನೆಯದು ಗಾಳಿ. ಕಡಿಮೆ ಲೋಡ್‌ನಲ್ಲೂ ಅವರು ಮೇಲಿನ ಗಾಳಿಯನ್ನು ಹಳೇ ಪ್ರಮಾಣದಲ್ಲೇ ಬಿಟ್ಟಿದ್ದರು. ಒಟ್ಟು ಗಾಳಿ ಲೋಡ್‌ಗೆ ತಕ್ಕಂತೆ ಇಳಿಯಿತು, ಅದರಲ್ಲಿ ಕೆಳಗಿನ ಪಾಲು ಏರಿತು. ತಳದಲ್ಲಿ ರಾಶಿ ಬೀಳುವ ಚಾರ್‌ನ (ಚಾರ್ ಬೆಡ್) ಹತ್ತಿರ ಉರಿ ಗಟ್ಟಿಯಾಯಿತು.

ಹನಿ ವಿಷಯದಲ್ಲಿ ಮಾತ್ರ ಜಗಳ ಆಯಿತು. ಚಿಕ್ಕ ಹನಿ ಬೇಗ ಕಾಯುತ್ತದೆ ತಾನೇ, ಹಾಗಾದರೆ ಆದಷ್ಟು ಚಿಕ್ಕದು ಮಾಡೋಣ ಅಂತ ನಾನು. ಅನುಭವಿ ಆಪರೇಟರ್ ಒಬ್ಬರು ತಲೆ ಅಲ್ಲಾಡಿಸಿದರು. "ಚಿಕ್ಕ ಹನಿ ಉಬ್ಬಿದ್ರೆ ಹತ್ತಿ ಥರ ಆಗುತ್ತೆ ಸರ್, ಗಾಳಿ ಎತ್ಕೊಂಡು ಹೋಗಿ ಸೂಪರ್‌ಹೀಟರ್‌ಗೆ ಮೆತ್ತುತ್ತೆ." ಅವರು ಹೇಳಿದ್ದು ಸರಿ. ಉಬ್ಬಿದ ಹನಿಯ ಸಾಂದ್ರತೆ ಎಷ್ಟು ಬೀಳುತ್ತದೆ ಅಂತ ನನ್ನದೇ ವಿಡಿಯೊ ತೋರಿಸಿತ್ತು. ನಾನು ಅದನ್ನು ಬರೀ ಶಾಖದ ಲೆಕ್ಕಕ್ಕೆ ನೋಡಿದ್ದೆ, ಅವರು ತೇಲುವ ಲೆಕ್ಕಕ್ಕೆ ನೋಡಿದರು. ಕೊನೆಗೆ ಹನಿ ದಪ್ಪ ಬದಲಿಸಲಿಲ್ಲ. ಸಿಂಪಡಿಸುವ ಗನ್‌ಗೆ ಹೋಗುವ ಲಿಕ್ಕರ್‌ನ ಬಿಸಿಯನ್ನು ಮಾತ್ರ ಸ್ಥಿರ ಮಾಡಿದೆವು. ಅಲ್ಲಿ ಒಂದೆರಡು ಡಿಗ್ರಿ ಆಚೀಚೆ ಆದರೂ ಹನಿ ಬದಲಾಗುತ್ತದೆ. ಇವರದು ಪ್ರತಿ ಶಿಫ್ಟ್‌ಗೂ ಒಂದೊಂದು ಥರ ಇತ್ತು.

ಘನ ಏರಿದ ದಿನದಿಂದಲೇ ಚಿಮಣಿ ಮೀಟರ್ ಇಳಿಯತೊಡಗಿತು. ಗಾಳಿ ಸರಿಮಾಡಿದ ಮೇಲೆ ಇನ್ನಷ್ಟು ಇಳಿಯಿತು. ಬೂದಿಯ ಪಿಎಚ್ ಕ್ಷಾರದ ಕಡೆ ಹೊರಳಿತು, ಸೂಟ್‌ಬ್ಲೋವರ್ ಊದಿದರೆ ಬೂದಿ ಉದುರತೊಡಗಿತು. ಇದರಲ್ಲಿ ಎಷ್ಟು ಪಾಲು ನೀರಿನದು, ಎಷ್ಟು ಪಾಲು ಗಾಳಿಯದು ಅಂತ ಬಿಡಿಸಿ ಹೇಳುವ ಹಾಗಿಲ್ಲ, ಎರಡನ್ನೂ ಬೆನ್ನುಬೆನ್ನಿಗೆ ಮಾಡಿದೆವು.

ಬೂದಿಯ ಒಟ್ಟು ತೂಕ ಮಾತ್ರ ಜಾಸ್ತಿಯಾಯಿತು. ಸೋಡಿಯಂ ಹೆಚ್ಚು ಹಾರಿದರೆ ಪುಡಿ ಹೆಚ್ಚು ಬರಲೇಬೇಕಲ್ಲ. ಇಎಸ್‌ಪಿ ಕೆಳಗಿನ ಕನ್ವೇಯರ್ ಎರಡು ಸಲ ಜಾಮ್ ಆಯಿತು ಅಂತ ಮೊನ್ನೆ ಅದೇ ಎಂಜಿನಿಯರ್ ಫೋನ್ ಮಾಡಿದ್ದರು. "ತಳದ ಬಿಸಿ ಸ್ವಲ್ಪ ಇಳಿಸ್ಲಾ ಸರ್?" ಅಂದರು. ಮೊದಲು ಬೂದಿಯ ಪಿಎಚ್ ಎಷ್ಟಿದೆ ಹೇಳಿ ಅಂದೆ. ಲೈನಿನಲ್ಲೇ ಕಾಯಿಸಿ, ಪಟ್ಟಿ ಅದ್ದಿ ಬಂದರು.